ಪಿನ್ನಿಗೂ ಪ್ರಾರ್ಥನೆಗೂ ನಡುವೆ

ಕರೆಂಟು ತಯಾರಿಸುವ ಗಾಳಿ ಫ್ಯಾನಿನ ಮೂರು ರೆಕ್ಕೆಗಳು ಬಂದು ಕೂಡುವಲ್ಲಿ ಉಕ್ಕಿನ ಒಂದು ಪೊಳ್ಳು ಗುಂಡು ಇರುತ್ತದೆ. ಅದಕ್ಕೆ ಹಬ್ ಎನ್ನುತ್ತೇವೆ. ಕೆಳಗೆ ರಸ್ತೆಯಲ್ಲಿ ನಿಂತು ನೋಡಿದರೆ ತೆಂಗಿನಕಾಯಿಯಷ್ಟು ಕಾಣುತ್ತದೆ. ಒಳಗೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಬಹುದು. ರೆಕ್ಕೆಗಳ ಬುಡದ ಬೋಲ್ಟು ಬಿಗಿಯಬೇಕಾದರೆ ಅಲ್ಲಿಗೇ ತೂರಿಕೊಂಡು ಹೋಗಬೇಕು. ಹೋದವನು ಒಳಗಿರುವಾಗ ಚಕ್ರ ತಿರುಗಿದರೆ ಆ ಗುಂಡು ರುಬ್ಬುವ ಕಲ್ಲಾಗುತ್ತದೆ. ತಿರುಗದಂತೆ ತಡೆಯಲು ತೋಳಿನಷ್ಟು ದಪ್ಪದ ಒಂದು ಪಿನ್ನಿದೆ.

ನಾನು ಒಳಗೆ ಕೂತಿದ್ದಾಗ ಅದು ಅಂಗೈಯಗಲ ತಿರುಗಿತು.

ಈ ಸಾಲನ್ನು ಬರೆದು ಮತ್ತೆ ಓದಿದರೆ ನನಗೇ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕಿಂಡಿಯಿಂದ ಬಿದ್ದ ಬೆಳಕಿನ ತುಂಡು ನನ್ನ ಮೊಣಕಾಲಿನಿಂದ ತೊಡೆಗೆ ಏರಿದ್ದು ನೆನಪಿದೆ. ಕೆಲವು ದಿನ ನೆನೆದರೆ ಬೆಳಕಿಲ್ಲ, ಬರೀ ಸದ್ದು: ದೊಡ್ಡ ಬಾಗಿಲಿನ ಅಗಳಿಯನ್ನು ಯಾರೋ ಮೆಲ್ಲಗೆ ಸರಿಸಿದ ಹಾಗೆ. ಇನ್ನು ಕೆಲವು ದಿನ ಸದ್ದೂ ಇಲ್ಲ, ಕೂತಿದ್ದ ಉಕ್ಕು ಅಡಿಯಲ್ಲಿ ಜರುಗಿದ್ದು ಮಾತ್ರ. ಗಜೇಂದ್ರಗಡದ ಗುಡ್ಡದ ಮೇಲಿನ ನಮ್ಮ ಫ್ಯಾನುಗಳನ್ನೆಲ್ಲ ಕಾಯುವ ಕಂಪ್ಯೂಟರಿನಲ್ಲಿ ಆ ಹೊತ್ತಿನ ವೇಗ ಸೊನ್ನೆ. ಅದರ ಪ್ರಕಾರ ಏನೂ ಆಗಲಿಲ್ಲ.

ಈ ಕೆಲಸದಲ್ಲಿ ಒಬ್ಬನೇ ಮೇಲೆ ಹತ್ತುವಂತಿಲ್ಲ. ನನ್ನ ಜೋಡಿದಾರರು ನನಗಿಂತ ಹಿರಿಯರು, ಗಜೇಂದ್ರಗಡದಲ್ಲಿ ಮಗ್ಗ ನಡೆಸುತ್ತಿದ್ದ ಮುಸ್ಲಿಂ ಮನೆತನದವರು. ನಾನು ಅವರನ್ನು ಭಾಯ್ ಎನ್ನುತ್ತೇನೆ. ನಾನು ಕ್ರೈಸ್ತ, ಮೇಲಾಗಿ ಪ್ರತಿ ಸಲ ಹಬ್‌ಗೆ ಹೋಗುವ ಮೊದಲು ಮಂಡಿಯೂರಿ ಪ್ರಾರ್ಥನೆ ಮಾಡುವವನು. ಅದಕ್ಕೆ ಅವರು ನನ್ನನ್ನು ಪಾದ್ರಿ ಎನ್ನುತ್ತಾರೆ. ಆ ದಿನ ನಾನು ತೆವಳಿಕೊಂಡು ಹೊರಗೆ ಬಂದಾಗ ಅವರು ಯಂತ್ರದ ಕೋಣೆಯಲ್ಲಿ, ಅಂದರೆ ಟವರಿನ ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಕೂತು ಬೋಲ್ಟು ಬಿಗಿಯುವ ಪಾನಾ ಒರೆಸುತ್ತಿದ್ದರು.

"ಏನಾತೋ ಪಾದ್ರಿ, ಮಾರಿ ಸುಣ್ಣ ಆಗೇತಿ?"

"ತಿರುಗಿತ್ರೀ ಭಾಯ್."

"ಏನ್ ತಿರುಗಿತು?"

"ಹಬ್."

ಅವರು ಬ್ರೇಕಿನ ಒತ್ತಡದ ಮುಳ್ಳನ್ನು ನೋಡಿದರು. ಅದು ಇರಬೇಕಾದಲ್ಲೇ ಇತ್ತು. "ನಿನ್ನ ತಲಿ ತಿರುಗಿರಬೇಕು. ಮುಂಜಾನೆ ನಾಷ್ಟಾ ಮಾಡೀಯೋ ಇಲ್ಲೋ?"

ಇಬ್ಬರೂ ನಕ್ಕೆವು. ನಕ್ಕೆವೆಂದು ನೆನಪು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ರೋಣದಿಂದ ಬರುವಾಗ ಅಬ್ಬಿಗೇರಿಯಲ್ಲಿ ಬಸ್ಸು ಹಿಂದಕ್ಕೆ ಸರಿಯಿತು. ಕಾಲ ಕೆಳಗಿನ ತಗಡು ಜರುಗಿದ ಹಾಗಾಗಿ ನಾನು ಕೂಗಿಕೊಂಡು ಕೆಳಗೆ ಹಾರಿಬಿಟ್ಟೆ. ಕಂಡಕ್ಟರ್ ಬಾಗಿಲಿಗೆ ಜೋತು ಬಿದ್ದು, "ಯಣ್ಣಾ, ನಿಂದು ಗಜೇಂದ್ರಗಡದ ತಿಕೀಟ ಐತಿ, ಊರು ಇನ್ನೂ ದೂರ ಐತಿ" ಎಂದ. ಬಸ್ಸಿನೊಳಗಿನವರೆಲ್ಲ ನಕ್ಕರು. ನಾನು ಮತ್ತೆ ಹತ್ತಲಿಲ್ಲ. ಆಮೇಲೆ ಮನೆಯಲ್ಲಿ ಮಂಚ, ಅಂಗಡಿಯ ಮೆಟ್ಟಿಲು, ಚರ್ಚಿನ ಬೆಂಚು, ಯಾವುದಾದರೂ ಯಾವಾಗಲಾದರೂ ಸರಿಯಬಹುದೆಂದು ಅನಿಸತೊಡಗಿತು. ಟವರ್ ಹತ್ತುವುದಕ್ಕೆ ತೊಂದರೆಯಿರಲಿಲ್ಲ. ಹಬ್ಬಿನ ಬಾಯಿಯ ಹತ್ತಿರ ಹೋದಾಗ ಬೆರಳುಗಳು ಮಡಚಿಕೊಂಡು ಬಿಡುತ್ತಿದ್ದವು. ಪ್ರಾರ್ಥನೆಯನ್ನು ಇನ್ನಷ್ಟು ಉದ್ದ ಮಾಡಿದೆ.

ನನ್ನ ಹೆಂಡತಿ ರೋಣದ ಒಂದು ದವಾಖಾನೆಯಲ್ಲಿ ನರ್ಸ್. ಅವಳೇ ಮೊದಲು ಬಾಯಿ ತೆಗೆದಳು.

"ಗದಗಿಗೆ ಹೋಗೂಣ್ರಿ. ಡಾಕ್ಟರಿಗೆ ತೋರಸೂಣು."

"ಡಾಕ್ಟರ್ ಚೀಟ್ಯಾಗ ಬರದ್ರ ಮುಗೀತು. ಎತ್ತರದ ಕೆಲಸಕ್ಕ ಮತ್ತ ಫಿಟ್ ಅನ್ನೂದಿಲ್ಲ."

"ಹಂಗಾರ ಪಾಸ್ಟರಿಗರ ಹೇಳ್ರಿ."

ನನಗೆ ನಗು ಬಂತು. ಅವಳೂ ನಕ್ಕಳು. ನಮ್ಮ ಚರ್ಚಿನ ಸಭೆ ಚಿಕ್ಕದು. ಒಬ್ಬರಿಗೆ ಕೆಮ್ಮು ಬಂದರೆ ಭಾನುವಾರ ಹೆಸರು ಹಿಡಿದು ಅದಕ್ಕೂ ಬೇಡಿಕೊಳ್ಳುತ್ತಾರೆ. ನನ್ನ ಭಯ ಹೀಗೆ ಸಭೆಯ ಮಧ್ಯೆ ನಿಲ್ಲುವುದು ನನಗೆ ಬೇಕಿರಲಿಲ್ಲ. ಹಾಗೆಂದು ಪ್ರಾರ್ಥನೆ ಎಂಬ ಮಾತು ಕೇಳಿ ತುಟಿ ಓರೆ ಮಾಡುವ ಡಾಕ್ಟರ ಮುಂದೆ ಕೂರಲೂ ಮನಸ್ಸಿರಲಿಲ್ಲ. ನಂಬಿಕೆಯನ್ನು ಚಪ್ಪಲಿಯ ಹಾಗೆ ಬಾಗಿಲ ಹೊರಗೆ ಬಿಟ್ಟು ಭಯವನ್ನು ಮಾತ್ರ ಒಳಗೆ ಒಯ್ಯುವುದು ನನ್ನಿಂದ ಆಗುತ್ತಿರಲಿಲ್ಲ.

ಫೋನಿನಲ್ಲೇ ಮುಖ ನೋಡಿ ಮಾತಾಡುವ ಸಮಾಲೋಚನೆಯ ಬಗ್ಗೆ ಹೇಳಿದವಳೂ ಅವಳೇ. ಭಾಷೆ ಆರಿಸಬಹುದು, ಕ್ರೈಸ್ತ ನಂಬಿಕೆಯ ಸಮಾಲೋಚಕರೇ ಬೇಕೆಂದೂ ಆರಿಸಬಹುದು. ಎರಡನ್ನೂ ಒತ್ತಿದೆ.

ಮೊದಲು ಸಿಕ್ಕವರು ಒಬ್ಬ ಗಂಡಸು. ಹಬ್ ಎಂದರೇನೆಂದು ಕೇಳಲಿಲ್ಲ. ನಾನು ಅರ್ಧ ಹೇಳುವಷ್ಟರಲ್ಲೇ ಇದು ಭಯದ ಆತ್ಮ ಎಂದರು. ಬಲಗೈ ಎತ್ತಿ ಅದಕ್ಕೆ ಹೊರಟುಹೋಗೆಂದು ಅಪ್ಪಣೆ ಮಾಡಿದರು. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಎತ್ತಿದ ಕೈ ತೆರೆಯ ಮೇಲೆ ಹಾಗೇ ನಿಂತಿತು. ಮತ್ತೆ ಸಿಕ್ಕಾಗ, ಸಭೆಯಲ್ಲಿ ಎದ್ದು ನಿಂತು ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಿ, ಬಾಯಿಂದ ಬಂದರೆ ಬಿಡುಗಡೆ ಪೂರ್ಣವಾಗುತ್ತದೆ ಎಂದರು. ಸುಳ್ಳು ಹೇಳಬಾರದು, ಆವತ್ತು ಚೆನ್ನಾಗಿ ನಿದ್ದೆ ಬಂತು. ಮರುದಿನ ಹಬ್ಬಿನ ಬಾಯಿಯಲ್ಲಿ ಬೆರಳುಗಳು ಮೊದಲಿನಂತೆಯೇ ಮಡಚಿಕೊಂಡವು.

"ಅವರು ಎಲ್ಲಿ ಕಲ್ತಾರ, ಏನ್ ಕಲ್ತಾರ ಅಂತ ಕೇಳಿದ್ರೇನ್ರಿ?" ಎಂದಳು ಹೆಂಡತಿ. "ನಮ್ಮ ದವಾಖಾನ್ಯಾಗ ಸೂಜಿ ಚುಚ್ಚಾಕನೂ ಕಲ್ತಿರಬೇಕು."

ಕೇಳಿರಲಿಲ್ಲ. ಎರಡನೆಯ ಸಲ ಕೇಳಿಯೇ ಆರಿಸಿದೆ. ಈ ಸಮಾಲೋಚಕಿ ಕರಾವಳಿಯ ಕಡೆಯವರು; ಅವರ ಕನ್ನಡ ನಮ್ಮ ಸಭೆಯಲ್ಲಿ ಓದುವ ಕನ್ನಡದಂತೆ ಅಕ್ಷರ ಅಕ್ಷರ ನಿಂತು ಬರುತ್ತಿತ್ತು. ತಾವು ಯಾವ ತರಬೇತಿ ಪಡೆದವರೆಂದು ಮೊದಲು ಹೇಳಿದರು. ನಾನು ಹೇಳುವುದನ್ನು ಯಾರಿಗೂ ಹೇಳುವುದಿಲ್ಲ, ಆದರೆ ನನ್ನ ಜೀವಕ್ಕೋ ಬೇರೊಬ್ಬರ ಜೀವಕ್ಕೋ ಅಪಾಯವಿದೆಯೆಂದು ತಿಳಿದರೆ ಸುಮ್ಮನಿರುವುದಿಲ್ಲ ಎಂದರು. ತುರ್ತಿಗೆ ಯಾರನ್ನು ಕರೆಯಬೇಕೆಂದು ಕೇಳಿದರು. ಹೆಂಡತಿಯ ನಂಬರ್ ಕೊಟ್ಟೆ. ಸಾಯಬೇಕೆಂದು ಅನಿಸಿದೆಯೇ ಎಂದು ನೇರವಾಗಿ ಕೇಳಿದರು.

"ಇಲ್ಲ್ರೀ. ಸಾಯಬಾರ್ದು ಅಂತನ ಈ ಹೆದರಿಕಿ."

"ಸರಿ. ಪ್ರಾರ್ಥನೆ ಮಾಡಿ ಶುರು ಮಾಡೋಣವಾ, ಇಲ್ಲ ಕೊನೆಯಲ್ಲಿ ಮಾಡೋಣವಾ? ಬೇಡವೆಂದರೂ ಆಗಬಹುದು."

"ಮೊದಲ ಮಾಡೂಣ್ರಿ."

ಮನೆಯ ಗೋಡೆ ತೆಳು. ಪಕ್ಕದವರ ಕುಕ್ಕರಿನ ಸೀಟಿ ನಮ್ಮ ಮನೆಯದೇ ಎನ್ನಿಸುತ್ತದೆ. ಅದಕ್ಕೆ ಸೂಡಿ ರಸ್ತೆಯ ಬದಿಗೆ ಕಂಪನಿಯ ಜೀಪು ನಿಲ್ಲಿಸಿ ಒಳಗೆ ಕೂತು ಮಾತಾಡುತ್ತಿದ್ದೆ. ಕಡಲೆ ಬಿತ್ತಿ ಬರುವವರು ಬೈಕು ನಿಲ್ಲಿಸಿ "ಗಾಡಿ ಕೆಟ್ಟೈತೇನ್ರಿ?" ಎಂದು ಕೇಳುವರು. ನಾನು ಇಲ್ಲವೆಂದು ಕೈ ಆಡಿಸುವೆ. ಸಮಾಲೋಚಕಿ ಅಷ್ಟು ಹೊತ್ತು ಕಾಯುವರು.

ಪಾದಗಳು ನೆಲಕ್ಕೆ ತಾಗಿರುವುದನ್ನು ಗಮನಿಸಿ ಉಸಿರು ಬಿಡುವುದನ್ನು ಕಲಿಸಿದರು. ಅದರಿಂದ ಬಸ್ಸು ಹತ್ತುವಷ್ಟಾಯಿತು. ಆ ದಿನ ಏನಾಯಿತೆಂದು ಪ್ರತಿ ಭೇಟಿಯಲ್ಲೂ ಕೇಳುತ್ತಿದ್ದರು. ಒಂದು ಸಲ ಬೆಳಕು ಸರಿದದ್ದನ್ನು ಹೇಳಿದೆ. ಮುಂದಿನ ಸಲ ಸದ್ದು. ಅದರ ಮುಂದಿನ ಸಲ, ಭಾಯ್ ಹೊರಗಿನಿಂದ ಏನೋ ಕೂಗಿದರೆಂದೂ ಹೇಳಿದೆ. ಹೇಳಿದ ಮೇಲೆ ಅವರು ಕೂಗಿರಲಿಲ್ಲವೆಂದು ನೆನಪಾಯಿತು. ಸಮಾಲೋಚಕಿ ತಿದ್ದುತ್ತಿರಲಿಲ್ಲ. "ಹೌದಾ" ಎಂದು ಬರೆದುಕೊಳ್ಳುತ್ತಿದ್ದರು.

ಈ ನಡುವೆ ಹೆಂಡತಿ, ನನಗಾಗಿ ಬೇಡಿಕೊಳ್ಳಿರೆಂದು ಪಾಸ್ಟರರ ಹೆಂಡತಿಗೆ ಒಂದು ಮಾತು ಹೇಳಿದ್ದಳು. ಭಾನುವಾರ ಆರಾಧನೆಯ ನಡುವೆ ಪಾಸ್ಟರರು ನನ್ನ ಕಡೆ ಕೈ ತೋರಿಸಿದರು. "ನಮ್ಮ ತಮ್ಮನ ಜೀವನದಾಗ ದೇವರು ದೊಡ್ಡ ಕೆಲಸ ಮಾಡ್ಯಾನ. ಬಾರಪಾ, ಸಾಕ್ಷಿ ಹೇಳು."

ಎದ್ದು ನಿಂತೆ. ಸಾಕ್ಷಿ ಹೇಳುವುದನ್ನು ಚಿಕ್ಕಂದಿನಿಂದ ಕೇಳುತ್ತ ಬಂದವನಿಗೆ ಅದರ ದಾರಿ ಗೊತ್ತಿರುತ್ತದೆ; ಬಾಯಿ ತೆರೆದರೆ ಸಾಕು, ಅದೇ ಕೈ ಹಿಡಿದು ನಡೆಸುತ್ತದೆ. ಕತ್ತಲೆಯ ಗುಂಡಿನೊಳಗೆ ಒಬ್ಬನೇ ಇದ್ದೆ. ಚಕ್ರ ತಿರುಗತೊಡಗಿತು. ಯೇಸುವೇ ಎಂದು ಕೂಗಿದೆ. ಕಾಣದ ಒಂದು ಕೈ ಬಂದು ಚಕ್ರವನ್ನು ಹಿಡಿದು ನಿಲ್ಲಿಸಿತು. ಸಭೆ ಹಲ್ಲೆಲೂಯಾ ಎಂದಿತು. ಹಿಂದಿನ ಸಾಲಿನ ಅಜ್ಜಿಯೊಬ್ಬಳು ಅತ್ತಳು. ನಾನು ಕೂಗಿರಲಿಲ್ಲ. ಆದರೆ ಅಂದಿನಿಂದ, ನೆನೆದಾಗಲೆಲ್ಲ, ಕೂಗಿದ ನನ್ನ ದನಿಯೂ ಕೇಳಿಸುತ್ತದೆ. ಈಗಲೂ.

ಮುಂದಿನ ಭೇಟಿಯಲ್ಲಿ ಸಮಾಲೋಚಕಿಗೆ ಹಾಗೇ ಹೇಳಿದೆ, ಕೈಯ ತನಕ. ಅವರು ಬರೆದುಕೊಳ್ಳಲಿಲ್ಲ.

"ಇವತ್ತು ಬಹಳ ಚಂದ ಹೇಳಿದಿರಿ. ಮೊದಲೆಲ್ಲ ತೊದಲುತ್ತಿದ್ದಿರಿ. ನನಗೆ ಆ ತೊದಲು ಹೆಚ್ಚು ಉಪಯೋಗವಾಗುತ್ತಿತ್ತು."

"ಹಂಗಾರ ನಾ ಸುಳ್ಳ ಹೇಳೀನೇನ್ರಿ?"

"ಹಾಗಲ್ಲ. ಸಭೆಯಲ್ಲಿ ಹೇಳಿದ ಕಥೆಗೆ ಒಂದು ಕೊನೆ ಬೇಕಾಗುತ್ತದೆ. ನಮಗೆ ಇಲ್ಲಿ ಕೊನೆಯ ಅವಸರವಿಲ್ಲ. ಇವತ್ತು ಬೆಳಕು ಬೇಡ, ಸದ್ದು ಬೇಡ. ದೇವರೂ ಸ್ವಲ್ಪ ಹೊತ್ತು ಬೇಡ, ಅವನು ಬೇಸರ ಮಾಡಿಕೊಳ್ಳುವುದಿಲ್ಲ. ಕೈಗಳನ್ನು ಮಾತ್ರ ಹೇಳಿ. ಒಳಗೆ ಹೋಗುವ ಮೊದಲು ಯಾರ ಕೈ ಯಾವುದನ್ನು ಮುಟ್ಟಿತು?"

"ಬ್ರೇಕ್ ಹಾಕಿದ್ದು ಭಾಯ್. ಪಿನ್ ಒಳಗ ದಬ್ಬಾಕ ಒಂದು ಕೈಚಕ್ರ ಐತ್ರಿ, ಅದನ್ನ ತಿರುಗಿಸಿದಾವ ನಾನು. ಬಿಗಿ ಆಗೂತನಾ ತಿರುಗಿಸಿದೆ. ಆಮ್ಯಾಲ ಕೈ ಜೋಡಿಸಿದೆ."

"ಯಾಕೆ?"

"ಪ್ರಾರ್ಥನಿಗೆ."

"ಎಲ್ಲಿ ಕೂತು?"

"ಪಿನ್ನಿನ ಮುಂದನ. ಅಲ್ಲೆ ಅಷ್ಟ ಮಂಡಿ ಊರಾಕ ಜಾಗಾ ಐತಿ."

"ಆಗ ನಿಮ್ಮ ಜೊತೆಯವರ ಕೈ?"

"ಅವರು ಆಕಡಿ ಮಾರಿ ಮಾಡಿ ಕುಂತಿರ್ತಾರ್ರಿ. ನಾ ಕಣ್ಣ ತೆಗದ ಮ್ಯಾಲ ಟಾರ್ಚ್ ಕೊಟ್ರು. ಒಳಗ ಹೋದೆ."

"ನಿಮ್ಮ ನಿಯಮದಲ್ಲಿ ಪಿನ್ನಿಗೆ ಎಷ್ಟು ಜನ ಕೈ ಹಚ್ಚಬೇಕು?"

ಇಬ್ಬರು. ಒಬ್ಬ ಪಿನ್ನು ಹಾಕಿದ ಮೇಲೆ ಇನ್ನೊಬ್ಬ ಅದರ ಹಿಂದಿನ ತುದಿಗೆ ಬೆರಳು ಹಚ್ಚಿ ನೋಡಬೇಕು. ತುದಿ ಸುತ್ತಲಿನ ಉಕ್ಕಿನ ಸಮಕ್ಕೆ ಬಂದಿರಬೇಕು. ತರಬೇತಿಯ ಮೊದಲ ದಿನ ಕಲಿಸುವ ಪಾಠ ಅದು. ನಾನು ಅವರಿಗೆ ಹೇಳಿದೆ.

"ನೀವು ಈ ಕಥೆ ಹೇಳಿದಾಗೆಲ್ಲ ಏನೇನೋ ಬದಲಾಗಿದೆ. ಒಂದು ಸಲವೂ ಅವರ ಬೆರಳು ಪಿನ್ನಿಗೆ ಬರಲಿಲ್ಲ," ಎಂದರು ಅವರು. "ಯಂತ್ರದ ವಿಷಯ ನನಗೆ ಗೊತ್ತಿಲ್ಲ. ಕೆಲವು ಭಯಗಳನ್ನು ಇಳಿಸಬೇಕು. ಕೆಲವನ್ನು ಇಳಿಸುವ ಮೊದಲು, ಅದು ಹೇಳುವುದು ನಿಜವಾ ಎಂದು ನೋಡಿ ಬರಬೇಕು. ಇದು ಯಾವುದೆಂದು ಗೊತ್ತಾಗುವ ತನಕ ನಿಮ್ಮನ್ನು ಸಮಾಧಾನ ಮಾಡುವುದಕ್ಕೆ ನನಗೇ ಹೆದರಿಕೆ. ಮುಂದೆ ಒಳಗೆ ಹೋಗುವವರು ಯಾರು?"

"ನಾಡಿದ್ದ ಭಾಯ್ ಹೋಗ್ತಾರ್ರಿ."

ಭಾಯ್ ಒಳಗೆ ಹೋಗುವ ದಿನವೂ ನಾನು ಅದೇ ಜಾಗದಲ್ಲಿ ಮಂಡಿಯೂರಿ ಅವರಿಗಾಗಿ ಬೇಡಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿ.

"ಹಾಗಾದರೆ ನಾವು ಈಗ ನಿಮ್ಮೊಬ್ಬರ ಬಗ್ಗೆ ಮಾತಾಡುತ್ತಿಲ್ಲ. ನಾಳೆ ನೀವು ಹೇಳಬೇಕು. ಹೇಳದಿದ್ದರೆ ನಾನು ಸುಮ್ಮನಿರುವ ಹಾಗಿಲ್ಲ, ಮೊದಲೇ ಹೇಳಿದ್ದೇನೆ."

ಆವತ್ತು ಮುಗಿಸುವಾಗ ಅವರು ಇನ್ನೊಮ್ಮೆ ಪ್ರಾರ್ಥನೆ ಮಾಡಿದರು. ಶಾಂತಿಯನ್ನು ಬೇಡಲಿಲ್ಲ. ಬಾಯಿ ತೆರೆಯುವ ಧೈರ್ಯ ಕೊಡೆಂದು ಬೇಡಿದರು.

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಸಾಹೇಬರ ಮುಂದೆ ನಿಂತೆ. ಪಿನ್ನುಗಳನ್ನೆಲ್ಲ ಒಮ್ಮೆ ನೋಡಬೇಕು, ಅಲ್ಲಿಯ ತನಕ ಯಾರೂ ಹಬ್ಬಿನೊಳಗೆ ಹೋಗಬಾರದು ಎಂದೆ. ಅವರು ಕಂಪ್ಯೂಟರಿನ ತೆರೆಯನ್ನು ನನ್ನ ಕಡೆ ತಿರುಗಿಸಿದರು.

"ಸೊನ್ನಿ ಐತಿ. ನೋಡು, ಕಣ್ಣ ಅದಾವಲ್ಲ? ಗೇರಿನ್ಯಾಗ ಚೂರು ಸಡ್ಲ ಇದ್ದ ಇರತೈತಿ."

"ಅದು ಅಳೆಯೂದು ಗೇರಿನ ಈಚಿ ಕಡಿ ವೇಗ ರೀ. ಆಚಿ ಹಬ್ಬಿನ ಕಡಿ ಅಷ್ಟ ಅಲ್ಲಾಡಿದ್ರ ಅದಕ್ಕ ಗೊತ್ತಾಗೂದಿಲ್ಲ."

"ಮತ್ತ ಭಾನುವಾರ ಚರ್ಚಿನ್ಯಾಗ ದೇವರು ಚಕ್ರ ಹಿಡದ ಅಂತ ಹೇಳಿದ್ಯಂತಲ್ಲ? ಊರೆಲ್ಲಾ ಆಗೇತಿ. ದೇವರು ಹಿಡದ ಮ್ಯಾಲ ಪಿನ್ನ ಯಾಕ ಬೇಕಪಾ ನಿನಗ?"

ಕೋಣೆಯಲ್ಲಿದ್ದ ಇನ್ನಿಬ್ಬರು ನಕ್ಕರು. ಆ ಮಾತನ್ನು ಸಭೆಯಲ್ಲಿ ಹೇಳಿದವನು ನಾನೇ. ಅದು ನನಗಿಂತ ಮೊದಲು ಇಲ್ಲಿಗೆ ಬಂದು ಕುರ್ಚಿಯಲ್ಲಿ ಕೂತಿತ್ತು.

"ನಾಳಿ ನಾನು, ಭಾಯ್ ಕೂಡಿ ಪಿನ್ನಿಗೆ ಬೆರಳ ಹಚ್ಚಿ ನೋಡಿ ಬರ್ತೀವ್ರಿ. ಅಷ್ಟ ಸಾಕು. ಉಳದಾವ್ರನ್ನ ಅಲ್ಲೀತನಾ ನಿಲ್ಲಸ್ರಿ."

"ಯಾರನ್ನೂ ನಿಲ್ಲಸೂದಿಲ್ಲ. ಗಾಳಿ ಬರೂದ್ರಾಗ ಕೆಲಸ ಮುಗೀಬೇಕು. ನೀವು ನೋಡಿ ಬರ್ರಿ. ಎಲ್ಲಾ ಸರಿ ಇತ್ತಂದ್ರ, ಅವತ್ತಿಂದ ನೀ ಕೆಳಗ ಸ್ಟೋರಿನ್ಯಾಗ. ಮತ್ತ ಮ್ಯಾಲ ಹತ್ತತೀನಿ ಅಂತ ಬರಬ್ಯಾಡ."

ಒಪ್ಪಿಕೊಂಡೆ. ಅದಕ್ಕಿಂತ ಕಷ್ಟದ್ದು ಇನ್ನೂ ಬಾಕಿಯಿತ್ತು.

ಭಾಯ್ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಸಿಕ್ಕರು. ನಾನು ಸುತ್ತಿ ಬಳಸದೆ ಕೇಳಿದೆ. "ಭಾಯ್, ಆವತ್ತ ನೀವು ಪಿನ್ನಿಗೆ ಬೆರಳ ಹಚ್ಚಿದ್ರೇನು?"

ಅವರು ಕಪ್ಪು ಕೆಳಗಿಟ್ಟರು. "ಏನಂದಿ?"

"ಸಿಟ್ಟ ಆಗಬ್ಯಾಡ್ರಿ."

"ನಿನ್ನ ಜೀವಾ ತೆಗ್ಯಾಕ ಹೊಂಟಿದ್ದೆ ಅಂತೀಯೇನು? ಸಾಹೇಬನ ಮುಂದನೂ ಹಿಂಗ ಹೇಳೀಯೇನು? ಇಷ್ಟ ವರ್ಷ ಕೂಡಿ ಹತ್ತೀವಲ್ಲೋ."

"ನಿಮ್ಮ ಹೆಸರ ಹೇಳಿಲ್ಲ್ರೀ. ನಿಮ್ಮನ್ನ ಮೊದಲ ಕೇಳಬೇಕಂತ ಬಂದೀನಿ."

ಅಂಗಡಿಯವನು ಗ್ಲಾಸು ತೊಳೆಯುತ್ತಿದ್ದ. ಆಮೇಲೆ ಭಾಯ್ ನನ್ನ ಕಡೆ ನೋಡದೆ ಹೇಳಿದರು.

"ನೀ ಅದರ ಮುಂದ ಮಂಡಿ ಊರಿ ಕುಂತಿರ್ತೀ. ಬೆರಳ ಹಚ್ಚಬೇಕಂದ್ರ ನಿನ್ನ ಮುಂದ ಹಾಯಬೇಕು. ಪ್ರಾರ್ಥನಿ ಮಾಡಾವನ ಮುಂದ ಹಾಯಬಾರ್ದು. ಸಣ್ಣಾವಿದ್ದಾಗ ಮಸೀದ್ಯಾಗ ಒಬ್ಬರ ಮುಂದ ಹಾದೆ ಅಂತ ನಮ್ಮಪ್ಪ ಕಿವಿ ಹಿಂಡಿದ್ದ. ನಮಾಜ್ ಇರಲಿ, ನಿಂದ ಇರಲಿ, ನನಗ ಎಲ್ಲಾ ಒಂದ. ಮುಗೀಲಿ ಅಂತ ಆಕಡಿ ನೋಡ್ಕೋತ ಕುಂದರ್ತಿದ್ದೆ."

"ಮುಗದ ಮ್ಯಾಲ?"

"ಮುಗದ ಮ್ಯಾಲ ನೀ ಟಾರ್ಚ್ ಕೇಳ್ತಿದ್ದಿ. ಕೊಡ್ತಿದ್ದೆ." ಅವರು ಆರಿದ ಚಹಾ ಕುಡಿದರು. "ನೀ ದೇವರ ಹೆಸರ ತಗೊಂಡಾವ. ನೋಡ್ದ ಹಂಗ ಒಳಗ ಹೋಗ್ತೀ ಅಂತ ನಾ ಯಾಕ ಅನ್ಕೊಳ್ಳಲಿ?"

ಅವರು ನೋಡುತ್ತಿದ್ದಾರೆಂದು ನಾನು. ನಾನು ನೋಡಿರುತ್ತೇನೆಂದು ಅವರು. ಈ ಎರಡು ಗೌರವಗಳ ನಡುವೆ ಪಿನ್ನು ಎಷ್ಟು ದಿನದಿಂದ ಯಾರ ಬೆರಳೂ ಇಲ್ಲದೆ ನಿಂತಿತ್ತೋ, ಅದನ್ನು ಈಗ ಯಾವ ನೆನಪಿನಿಂದಲೂ ಹೇಳಲಾರೆ.

ಮರುದಿನ ಅದೇ ಟವರ್ ಹತ್ತಿದೆವು. ಕೆಳಗೆ ಯಂತ್ರ ನಿಲ್ಲಿಸಿ, ದೂರದಿಂದ ಯಾರೂ ಚಾಲೂ ಮಾಡದಂತೆ ಕೀಲಿ ಹಾಕಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡೆ. ಸುರಕ್ಷಾ ಪಟ್ಟಿಯನ್ನು ಒಬ್ಬರಿಗೊಬ್ಬರು ಎಳೆದು ನೋಡಿದೆವು. ಮೂಡಗಾಳಿ ಆಗಲೇ ಎದ್ದಿತ್ತು. ಏಣಿಗೆ ಕೈ ಹಚ್ಚಿದರೆ ಟವರ್ ಮೈಯೊಳಗೆಲ್ಲೋ ಗುಂಯ್ ಎನ್ನುವುದು ಅಂಗೈಗೆ ತಿಳಿಯುತ್ತಿತ್ತು.

ಯಂತ್ರದ ಕೋಣೆಯಲ್ಲಿ ಅವರು ಬ್ರೇಕ್ ಹಾಕಿದರು. ನಾನು ಕೈಚಕ್ರ ತಿರುಗಿಸಿದೆ. ತಿರುಗಿತು, ತಿರುಗಿತು, ಬಿಗಿಯಾಯಿತು. ಎಂದಿನ ಬಿಗಿ. ಪಿನ್ನಿನ ಮೇಲೆ ಒಂದು ಕೆಂಪು ಗೆರೆ ಇರಬೇಕು. ಪೂರ್ತಿ ಒಳಗೆ ಹೋದರೆ ಅದು ಕಾಣಬಾರದು. ಕಾಣಲಿಲ್ಲ. ಬಣ್ಣ ಎಂದೋ ಸವೆದು ಹೋಗಿದ್ದರಿಂದ ಅದು ಹೇಗಿದ್ದರೂ ಕಾಣುತ್ತಿರಲಿಲ್ಲ. ನಾನು ಮಂಡಿಯೂರಲಿಲ್ಲ. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ. ಭಾಯ್ ಮುಂದೆ ಬಂದು, ಕೈಗವಸು ಕಳಚಿ, ಪಿನ್ನಿನ ಹಿಂದಕ್ಕೆ ಕೈ ಹಾಕಿದರು.

ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಬೆನ್ನು ಕಾಣುತ್ತಿತ್ತು.

"ಪಾದ್ರಿ. ಎರಡ ಬೆರಳ ಹೊರಗ ಐತಿ."

ನಾನೂ ಹಚ್ಚಿದೆ. ಸಮನಾಗಿರಬೇಕಾದ ತುದಿ ಎರಡು ಬೆರಳಿನಷ್ಟು ಹೊರಗೆ ನಿಂತಿತ್ತು. ಕೈಚಕ್ರದ ತಿರುಪಿನ ಎಳೆಗಳಲ್ಲಿ ಹಳೆಯ ಗ್ರೀಸು ಎರೆಮಣ್ಣಿನ ಧೂಳು ಕುಡಿದು ಕಲ್ಲಾಗಿತ್ತು. ಅದೇ ಕೈಗೆ ಬಿಗಿಯೆಂದು ತಿಳಿಯುತ್ತಿತ್ತು. ಪಿನ್ನಿನ ಮೂತಿ ಚೂಪು. ಅರ್ಧ ಹೋದರೆ ತೂತಿನೊಳಗೆ ಹೋಗಿರುತ್ತದೆ, ಆದರೆ ಸುತ್ತಲೂ ಸಡಿಲ. ನಾವು ನೋಡುತ್ತಿದ್ದ ಹಾಗೆ ಹೊರಗೆ ಗಾಳಿ ಒಮ್ಮೆ ಜೋರಾಗಿ ಬಂತು. ಪಿನ್ನು ಚುಚ್ಚಿಕೊಂಡಿದ್ದ, ಹಬ್ಬಿನ ಜೊತೆಗೇ ತಿರುಗುವ ದೊಡ್ಡ ತಟ್ಟೆ, ಸದ್ದಿಲ್ಲದೆ, ಆ ಸಡಿಲ ಇದ್ದಷ್ಟು ಜರುಗಿ ನಿಂತಿತು. ಇಬ್ಬರೂ ನೋಡಿದೆವು. ಸದ್ದಿರಲಿಲ್ಲ, ಅಷ್ಟನ್ನು ಖಾತ್ರಿಯಾಗಿ ಬರೆಯಬಲ್ಲೆ.

ನನ್ನ ತಲೆ ಸರಿಯಿತ್ತು. ಸ್ಟೋರಿಗೆ ಹೋಗಬೇಕಾಗಿರಲಿಲ್ಲ. ಸಂತೋಷವಾಗಬೇಕಿತ್ತು. ಅಷ್ಟರಲ್ಲಿ ಭಾಯ್ ಕೇಳಿದರು, "ಸೂಡಿ ಕಡಿ ಸಾಲಿನ್ಯಾಗ ಇವತ್ತ ಯಾರದಾರ?"

ಆ ಸಾಲಿನಲ್ಲಿ ಹೊಸಬರಿಬ್ಬರು ಇದ್ದರು. ಸೇರಿದ ಮೇಲೆ ನಮ್ಮ ಜೊತೆಗೇ ಹತ್ತಿ, ಇದೇ ಕೋಣೆಯ ಮೂಲೆಯಲ್ಲಿ ನಿಂತು, ನಮ್ಮನ್ನು ನೋಡಿ ಕಲಿತವರು. ಅವರು ಏನು ಕಲಿತರೆಂದು ಆಗ ಹೊಳೆಯಿತು. ಅವರು ಮೊದಲ ಸಲ ತಾವಾಗಿ ಪಿನ್ನು ಹಾಕಿದ ದಿನ ನಾನು ಅಲ್ಲಿದ್ದೆ. ಒಬ್ಬ ಕೈಚಕ್ರ ತಿರುಗಿಸಿದ. ಆಮೇಲೆ ಇಬ್ಬರೂ ಕಣ್ಣು ಮುಚ್ಚಿ ತಮ್ಮ ತಮ್ಮ ದೇವರಿಗೆ ಕೈ ಮುಗಿದರು. ಆಮೇಲೆ ಒಬ್ಬ ಒಳಗೆ ಹೋದ. ಭಕ್ತಿವಂತರೆಂದು ನನಗೆ ಖುಷಿಯಾಗಿತ್ತು. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವರು ನೋಡಿದ್ದು ಅದನ್ನೇ.

ವಾಕಿಟಾಕಿ ಒತ್ತಿದೆ. ಉತ್ತರವಿಲ್ಲ. ಭಾಯ್ ಮಾಡಿನ ಮುಚ್ಚಳ ತೆಗೆದು ತಲೆ ಹೊರಗೆ ಹಾಕಿದರು. ನಾನೂ ಪಕ್ಕದಲ್ಲಿ ನಿಂತೆ. ಸೂಡಿ ಕಡೆ ಅವರು ಹತ್ತಿದ್ದ ಫ್ಯಾನಿನ ಒಂದು ರೆಕ್ಕೆ, ಪಿನ್ನು ಹಾಕುವಾಗ ನಿಲ್ಲಿಸುವ ಹಾಗೆ, ನೇರ ನೆಲಕ್ಕೆ ಮುಖ ಮಾಡಿ ನಿಂತಿತ್ತು. ಮೂಡಗಾಳಿ ಮೊದಲು ನಮಗೆ ಬಡಿಯುತ್ತದೆ, ಆಮೇಲೆ ಅವರಿಗೆ. ಮತ್ತೆ ಒತ್ತಿದೆ.

"ಹೇಳ್ರಿ ಅಣ್ಣಾರ." ಹೊಸಬರಲ್ಲಿ ಒಬ್ಬನ ದನಿ.

"ಒಳಗ ಯಾರದಾರ?"

"ನನ್ನ ಜೋಡಿದಾರ ಅದಾನ್ರಿ. ಬೋಲ್ಟ್ ಬಿಗಿಯಾಕತ್ತಾನ."

"ಪಿನ್ನಿನ ಹಿಂದ ಬೆರಳ ಹಚ್ಚಿ ನೋಡು."

"ಯಾಕ್ರಿ?"

ಭಾಯ್ ನನ್ನ ಕೈಯಿಂದ ವಾಕಿಟಾಕಿ ಕಸಿದುಕೊಂಡರು. "ಹಚ್ಚೋ ಮೊದಲ!"

ಆ ಕಡೆ ಗಾಳಿಯ ಸದ್ದು. ಏನೋ ಲೋಹ ಲೋಹಕ್ಕೆ ತಾಗಿದ ಸದ್ದು.

"ಮೂರ ಬೆರಳ ಹೊರಗ ಐತ್ರಿ," ಎಂದ ಅವನು. ಸ್ವಲ್ಪ ತಡೆದು ಕೇಳಿದ, "ಇದು ಹಿಂಗ ಇರತೈತಲ್ರಿ?"

"ಅವನ್ನ ಹೊರಗ ಕರಿ. ಒದರಬ್ಯಾಡ. ಹೆದರಿ ಗಡಿಬಿಡಿ ಮಾಡ್ತಾನ. ಸಾವಕಾಶ ಕರಿ."

ನಮ್ಮ ಟವರ್ ಮತ್ತೊಮ್ಮೆ ಗುಂಯ್ ಎಂದಿತು. ಗಾಳಿ ನಮ್ಮನ್ನು ದಾಟಿ ಹೊಲಗಳ ಮೇಲೆ ಧೂಳೆಬ್ಬಿಸುತ್ತ ಅವರ ಕಡೆ ಹೋಗುವುದು ಕಾಣುತ್ತಿತ್ತು. ನೆಲಕ್ಕೆ ಮುಖ ಮಾಡಿದ್ದ ಆ ರೆಕ್ಕೆ ಅಲುಗಿತೆಂದು ನಾನು ಹೇಳುತ್ತೇನೆ. ಅಷ್ಟು ದೂರದಿಂದ ಅದು ಕಾಣಲು ಸಾಧ್ಯವಿಲ್ಲ ಎಂದು ಭಾಯ್ ಹೇಳುತ್ತಾರೆ. ಸೂಪರ್‌ವೈಸರ್ ಸಾಹೇಬರೂ ಅದೇ ಚಾನೆಲಿನಲ್ಲಿ ಕೇಳುತ್ತಿದ್ದರು.

ಆಮೇಲೆ ಬೇರೆ ದನಿ ಬಂತು, ಏದುಸಿರಿನ ದನಿ. "ಹೊರಗ ಬಂದೇನ್ರಿ. ಏನಾತ್ರಿ? ಅರ್ಧಾ ಬೋಲ್ಟ್ ಉಳದಾವ. ಮತ್ತ ಒಳಗ ಹೋಗ್ಲೇನು?"

ಭಾಯ್ "ಬ್ಯಾಡ" ಎಂದರು. ಎಂದ ಮೇಲೂ ವಾಕಿಟಾಕಿಯ ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಆ ಕಡೆಯಿಂದ ಯಾರೂ ಮಾತಾಡಲಾಗುವುದಿಲ್ಲ. ನಮ್ಮಿಬ್ಬರ ಉಸಿರು ಮಾತ್ರ ಗುಡ್ಡದ ಮೇಲಿನ ಎಲ್ಲ ಟವರುಗಳಿಗೂ ಹೋಗುತ್ತಿತ್ತು.